ಸಿರುಗುಪ್ಪದಲ್ಲೊಬ್ಬ ಸಮುದ್ರದ ಕಾವಲುಗಾರ

ನಮ್ಮ ದೊಡ್ಡಪ್ಪ ಸಮುದ್ರವನ್ನು ಕಾಯುತ್ತಿದ್ದ ಎಂದರೆ ನೀವು ನಗುತ್ತೀರಿ. ನಗಿ, ಬೇಡ ಅನ್ನುವುದಿಲ್ಲ. ನಾವೂ ನಕ್ಕವರೇ! ಏಕೆಂದರೆ ದೊಡ್ಡಪ್ಪ ಇದ್ದದ್ದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದಲ್ಲಿ. ಅಲ್ಲಿಂದ ಯಾವ ದಿಕ್ಕಿಗೆ ಬಸ್ಸು ಹತ್ತಿದರೂ, ಎರಡು ಕಡೆ ಗಾಡಿ ಬದಲಿಸಿ, ನಾಲ್ಕು ಸಲ ಬುತ್ತಿ ಬಿಚ್ಚದೆ ಸಮುದ್ರ ಸಿಗುವುದಿಲ್ಲ. ಅರವತ್ತು ವರ್ಷದಲ್ಲಿ ಅವನು ಕಂಡಿದ್ದ ನೀರೆಂದರೆ ತುಂಗಭದ್ರೆ, ಅದರ ಕಾಲುವೆ, ಮತ್ತು ದೊಡ್ಡಮ್ಮನ ಮಜ್ಜಿಗೆ ಗಡಿಗೆ. ಸಮುದ್ರದ ನೀರು ಉಪ್ಪು ಎನ್ನುವುದನ್ನು ಕೂಡ ಅವನು ಪೂರ್ತಿ ನಂಬಿರಲಿಲ್ಲ. "ಅಷ್ಟು ನೀರಿಗೆ ಉಪ್ಪು ಹಾಕಿದೋರು ಯಾರಲೇ?" ಎಂದು ನನ್ನನ್ನೇ ಕೇಳುತ್ತಿದ್ದ, ನಾನು ಏನೋ ಮುಚ್ಚಿಡುತ್ತಿದ್ದೇನೆ ಎನ್ನುವ ಹಾಗೆ. ಇಂಥ ಮನುಷ್ಯ ಬಂಗಾಳ ಕೊಲ್ಲಿಯ ಸಮಸ್ತ ಹೊಣೆಯನ್ನು ಹೆಗಲಿಗೆ ಹಾಕಿಕೊಂಡುಬಿಟ್ಟ!

ದೊಡ್ಡಪ್ಪ ದರ್ಜಿ. ಮನೆಯ ಮುಂದಿನ ಪಡಸಾಲೆಯೇ ಅಂಗಡಿ. ಅಲ್ಲೊಂದು ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್ನು, ಗೋಡೆಗೆ ಒಂದು ಕನ್ನಡಿ, ಕೊರಳಲ್ಲಿ ಸದಾ ಅಳತೆ ಟೇಪು. ಆ ಟೇಪನ್ನು ಸ್ನಾನ ಮಾಡುವಾಗಲಾದರೂ ತೆಗೆಯುತ್ತಿದ್ದನೋ ಇಲ್ಲವೋ, ದೊಡ್ಡಮ್ಮನೇ ಹೇಳಬೇಕು. ನನ್ನ ಸ್ವಂತ ಊರು ಬಾದನಹಟ್ಟಿ. ಸಿರಿಗೇರಿಯ ಶಾಲೆಗೆ ಹೊಸದಾಗಿ ಮೇಷ್ಟ್ರಾಗಿ ಬಂದಿದ್ದೆ, ಊಟ ವಸತಿ ಎಲ್ಲಾ ದೊಡ್ಡಪ್ಪನ ಮನೆಯಲ್ಲಿ. ಹೀಗಾಗಿ ನಾನು ಮುಂದೆ ಹೇಳುವುದೆಲ್ಲ ಕಣ್ಣಾರೆ ಕಂಡದ್ದು. ಕೆಲವು ಕಡೆ ಸ್ವಲ್ಪ ಉದ್ದ ಮಾಡಿ ಹೊಲಿದಿರಬಹುದು. ದರ್ಜಿಯ ಮನೆಯ ಅನ್ನ ತಿಂದವನಲ್ಲವೇ!

ಅವನಿಗೆ ಒಬ್ಬಳೇ ಮಗಳು, ನೀಲವ್ವ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಎಪ್ಪತ್ತರ ದಶಕದಲ್ಲಿ ಹೊಳೆಯ ನೀರು ಅಳೆಯುವ ಕೆಲಸಕ್ಕೆಂದು ತೆಲುಗು ಹುಡುಗನೊಬ್ಬ ಸಿರುಗುಪ್ಪಕ್ಕೆ ಬಂದ. ಸಮುದ್ರದ ದಂಡೆಯ ಮಚಲೀಪಟ್ಟಣದವನು. ಹೊಳೆಯನ್ನು ಅಳೆದ, ಜೊತೆಗೆ ನೀಲವ್ವನ ಮನಸ್ಸನ್ನೂ ಅಳೆದ. ಬಳ್ಳಾರಿಯಲ್ಲಿ ರಿಜಿಸ್ಟರ್ ಮದುವೆಯಾಗಿ ಇಬ್ಬರೂ ಅವನ ಊರಿಗೆ ಹೋದರು. ದೊಡ್ಡಪ್ಪ ಮೂರು ದಿನ ಮಿಷನ್ನು ತುಳಿಯಲಿಲ್ಲ. ನಾಲ್ಕನೆಯ ದಿನ ಬಾಯಿಬಿಟ್ಟ. "ಜಾತಿ ಬ್ಯಾರೆ, ಹೋಗ್ಲಿ. ಭಾಷಾ ಬ್ಯಾರೆ, ಅದೂ ಹೋಗ್ಲಿ, ನಮಗೂ ತೆಲುಗು ಬರ್ತೈತಿ. ಆದ್ರ ಮೀನು ತಿಂತಾರಲೇ! ಮೀನು!"

ಅಂದಿನಿಂದ ಮಗಳ ಹೆಸರು ಅವನ ಬಾಯಲ್ಲಿ ಬರಲಿಲ್ಲ. ಹೇಳಲೇಬೇಕಾದರೆ "ಆ ಕಡಿಯೋರು" ಅನ್ನುತ್ತಿದ್ದ. ದೊಡ್ಡಮ್ಮನ ಸಂಕಟ ಬೇರೆಯೇ. ನಮ್ಮ ಕಡೆ ಹೆಣ್ಣುಮಗಳು ತವರಿನಿಂದ ಹೊರಡುವಾಗ ಸೆರಗಿನಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬಿ ಕಳಿಸಬೇಕು. ನೀಲವ್ವ ಬರಿಯ ಸೆರಗಿನಲ್ಲಿ ಹೋಗಿದ್ದಳು. "ನನ್ನ ಮಗಳಿಗೆ ಒಂದು ಹಿಡಿ ಅಕ್ಕಿ ಹಾಕಲಿಲ್ಲಪ" ಎಂದು ದೊಡ್ಡಮ್ಮ ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಮಗಳು ಒಂದು ಸಲವಾದರೂ ಎದುರಿಗೆ ನಿಂತು ಸೆರಗು ಹಿಡಿಯಬೇಕು, ತಾನು ತುಂಬಬೇಕು. ದೊಡ್ಡಮ್ಮನಿಗೆ ಬದುಕಿನಲ್ಲಿ ಬೇರೆ ಆಸೆ ಇರಲಿಲ್ಲ.

ನೀಲವ್ವ ಪ್ರತಿ ಯುಗಾದಿಗೆ ಒಂದು ಕಾಗದ ಬರೆಯುತ್ತಿದ್ದಳು. ದೊಡ್ಡಮ್ಮನಿಗೆ ಓದು ಬಾರದು. ನಾನು ಅಡುಗೆಮನೆಯಲ್ಲಿ ಕುಳಿತು ಮೆಲ್ಲಗೆ ಓದಬೇಕು. ಪಡಸಾಲೆಯಲ್ಲಿ ದೊಡ್ಡಪ್ಪ ಮಿಷನ್ನನ್ನು ರೈಲಿನ ಸದ್ದು ಬರುವ ಹಾಗೆ ತುಳಿಯುತ್ತಿದ್ದ, ತನಗೇನೂ ಕೇಳಿಸುತ್ತಿಲ್ಲ ಎಂದು ಊರಿಗೆಲ್ಲ ಸಾರುವವನಂತೆ. ಆದರೆ ಒಂದು ವಿಚಿತ್ರ ನೋಡಿ. ವರ್ಷವಿಡೀ ತುಂಡಾಗದ ದಾರ ಕಾಗದ ಓದುವಾಗ ಮಾತ್ರ ತುಂಡಾಗುತ್ತಿತ್ತು! 'ನಿನಗೆ ಮೊಮ್ಮಗಳು ಹುಟ್ಟಿದ್ದಾಳೆ' ಎಂದು ಓದಿದೆ, ದಾರ ತುಂಡಾಯಿತು. 'ಅವಳಿಗೆ ನಮ್ಮಪ್ಪನ ಮೂಗೇ ಬಂದಿದೆ' ಎಂದು ಓದಿದೆ, ಮತ್ತೆ ತುಂಡಾಯಿತು. "ಏನ್ರೀ, ದಾರ ಸರಿ ಇಲ್ಲೇನು?" ಎಂದು ದೊಡ್ಡಮ್ಮ ಒಳಗಿನಿಂದ ಕೂಗುವಳು. "ಈಗಿನ ದಾರ ಎಲ್ಲಾ ಹಿಂಗ ಬಿಡು, ಕಳಪೆ" ಎಂದು ಹೊರಗಿನಿಂದ ಉತ್ತರ ಬರುವುದು.

ಎಂಟನೆಯ ವರ್ಷದ ಕಾಗದದಲ್ಲಿ ನೀಲವ್ವ ಹೀಗೆ ಬರೆದಿದ್ದಳು: 'ಇಲ್ಲಿ ಸಮುದ್ರದ ದಂಡೆಗೆ ಈಗೀಗ ಪ್ಲಾಸ್ಟಿಕ್ ಕವರುಗಳು ಬಂದು ಬೀಳುತ್ತಿವೆ ಅವ್ವಾ. ಬೆಸ್ತರ ಬಲೆಯಲ್ಲಿ ಮೀನಿನ ಜೊತೆ ಅವೂ ಬರುತ್ತವೆ. ಮೀನು ಅವನ್ನು ನುಂಗಿ ಸಾಯುತ್ತವೆ ಎನ್ನುತ್ತಾರೆ. ನಾನು ದಿನಾ ಸಂಜೆ ದಂಡೆಗೆ ಹೋಗಿ ನೋಡಿ ಬರುತ್ತೇನೆ.'

ಈ ಸಲ ದಾರ ತುಂಡಾದದ್ದು ಎಷ್ಟು ಹೊತ್ತಾದರೂ ಕೂಡಲೇ ಇಲ್ಲ. ದೊಡ್ಡಮ್ಮ ಹೋಗಿ ನೋಡಿದರೆ ದೊಡ್ಡಪ್ಪ ಸೂಜಿಯ ಕಣ್ಣಿಗೆ ದಾರವನ್ನು ಹಿಡಿದುಕೊಂಡು ಹಾಗೆಯೇ ಕುಳಿತಿದ್ದ.

ಊಟಕ್ಕೆ ಕುಳಿತಾಗ ಕೇಳಿದ. "ಲೇ ಮೇಷ್ಟ್ರೇ, ನಿಮ್ಮ ಸಾಲ್ಯಾಗ ನಕ್ಷಾ ಐತೇನು?"

"ಯಾ ನಕ್ಷಾ ದೊಡ್ಡಪ್ಪ?"

"ಹೊಳಿ ಎಲ್ಲಿಗೆ ಹೋಗ್ತೈತಿ ಅನ್ನೋದು."

ಮರುದಿನ ಹೆಡ್ ಮೇಷ್ಟ್ರ ಕೈಕಾಲು ಹಿಡಿದು ದೊಡ್ಡ ನಕ್ಷೆಯನ್ನು ಸುರುಳಿ ಸುತ್ತಿ ಬಸ್ಸಿನಲ್ಲಿ ತಂದೆ. ಕಂಡಕ್ಟರು ಅದಕ್ಕೊಂದು ಅರ್ಧ ಟಿಕೀಟು ಹರಿಯಲು ನೋಡಿದ, ಆ ಜಗಳ ಬೇರೆ. ದೊಡ್ಡಪ್ಪ ನಕ್ಷೆಯನ್ನು ಅಂಗಿ ಬಟ್ಟೆಯಂತೆ ಪಡಸಾಲೆಯಲ್ಲಿ ಹಾಸಿ, ಕೊರಳಿನ ಟೇಪು ತೆಗೆದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡು ಮೊಣಕಾಲೂರಿದ. ನಾನು ಬೆರಳಿಟ್ಟು ತೋರಿಸಿದೆ. ಇದು ನಮ್ಮ ಸಿರುಗುಪ್ಪ. ಇಲ್ಲಿಂದ ಹೊಳೆ ಮಂತ್ರಾಲಯ, ಕರ್ನೂಲು. ಇಲ್ಲಿ ಕೃಷ್ಣೆಗೆ ಕೂಡುತ್ತದೆ. ಇದು ಬೆಜವಾಡ. ಇಲ್ಲಿ ಸಮುದ್ರ.

"ಸಮುದ್ರ ಕೂಡೋ ಹತ್ರ ಈ ಚುಕ್ಕಿ ಯಾವೂರು?"

"ಮಚಲೀಪಟ್ಟಣ" ಅಂದೆ.

ದೊಡ್ಡಪ್ಪ ಸಿರುಗುಪ್ಪಕ್ಕೆ ಟೇಪಿನ ಒಂದು ತುದಿ, ಆ ಚುಕ್ಕೆಗೆ ಇನ್ನೊಂದು ತುದಿ ಹಿಡಿದು ಅಳೆದ. ಬಳಿಕ ಕೈಯಿಟ್ಟು ನೋಡಿದ. "ಒಂದು ಗೇಣು" ಅಂದ.

ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಬಿಡುತ್ತಾಳೆಯೇ? "ಒಂದು ಗೇಣು ದಾಟಾಕ ಎಂಟು ವರ್ಷ ಸಾಲಲಿಲ್ಲೇನ್ರಿ ನಿಮಗ?"

ದೊಡ್ಡಪ್ಪ ಅದು ಕೇಳಿಸದವನಂತೆ ನನ್ನ ಕಡೆ ತಿರುಗಿದ. "ಅಂದ್ರ ನಾವು ಇಲ್ಲಿ ಹೊಳಿಗೆ ಏನು ಒಗಿತೀವೋ ಅದು ಅವ್ರ ಬಾಗ್ಲಿಗೆ ಹೋಗಿ ಬೀಳ್ತೈತಿ!"

ನಾನು ಮೇಷ್ಟ್ರಲ್ಲವೇ, ತಿಳಿದದ್ದನ್ನು ಹೇಳದಿದ್ದರೆ ನಾಲಿಗೆ ತುರಿಸುತ್ತದೆ. "ಹಂಗಲ್ಲ ದೊಡ್ಡಪ್ಪ. ನಡುವ ದೊಡ್ಡ ದೊಡ್ಡ ಅಣೆಕಟ್ಟು ಅದಾವು. ನಮ್ಮೂರ ಕವರ್ ಅಲ್ಲಿ ಮಟ ಮುಟ್ಟೂದಿಲ್ಲ."

"ನೀರು ಮುಟ್ತೈತೋ ಇಲ್ಲೋ?"

"ಮುಟ್ತೈತಿ."

"ನೀರು ಹೋಗೋ ದಾರ್ಯಾಗ ಕವರ್ ಹೋಗಾಕಿಲ್ಲ ಅಂತ ನಿನಗ ಬರದು ಕೊಟ್ಟೋರು ಯಾರಲೇ?"

ಯಾರೂ ಬರೆದುಕೊಟ್ಟಿರಲಿಲ್ಲ. ಅಲ್ಲಿಗೆ ಭೂಗೋಳ ಮುಗಿಯಿತು. ದೊಡ್ಡಪ್ಪ ಅಂದೇ ಸಮುದ್ರದ ಕಾವಲಿಗೆ ನಿಂತ. ನಕ್ಷೆಯ ಮೇಲೆ ಸಿರುಗುಪ್ಪದಿಂದ ಮಚಲೀಪಟ್ಟಣದವರೆಗೆ ಎಳೆದ ಸೀಮೆಸುಣ್ಣದ ಗೆರೆ ಎಷ್ಟು ಉಜ್ಜಿದರೂ ಹೋಗದೆ, ಹೆಡ್ ಮೇಷ್ಟ್ರು ನನಗೆ ಒಂದು ವರ್ಷ ನಕ್ಷೆ ಮುಟ್ಟಲು ಬಿಡಲಿಲ್ಲ.

ಇಲ್ಲಿ ಕವರಿನ ಬಗ್ಗೆ ಎರಡು ಮಾತು ಹೇಳಬೇಕು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಆ ಕಾಲಕ್ಕೆ ಕವರು ಒಂದು ಮರ್ಯಾದೆಯ ವಸ್ತು! ಬಳ್ಳಾರಿಯಿಂದ ಯಾರಾದರೂ ಬಣ್ಣದ ಕವರಿನಲ್ಲಿ ಸೀರೆ ತಂದರೆ, ಸೀರೆಗಿಂತ ಮೊದಲು ಓಣಿಯ ಹೆಂಗಸರು ಕವರು ನೋಡುತ್ತಿದ್ದರು. ದೊಡ್ಡಮ್ಮ ಮೊದಲ ಕವರನ್ನು ಸೀಗೆಪುಡಿ ಹಾಕಿ ತೊಳೆದು, ನೆರಳಿನಲ್ಲಿ ಒಣಗಿಸಿ, ಮಡಿಸಿ, ರೇಷ್ಮೆ ಸೀರೆಯ ಕೆಳಗೆ ಇಟ್ಟಿದ್ದಳು. ಎರಡೇ ವರ್ಷ. ಅಷ್ಟರಲ್ಲಿ ಕಾಲು ಕಿಲೋ ಮೆಣಸಿನಕಾಯಿಗೂ ಕವರು, ಎರಡು ಮೊಳ ಹೂವಿಗೂ ಕವರು ಬಂದವು. ಮರ್ಯಾದೆ ಹೋಯಿತು, ಕವರು ಮಾತ್ರ ಉಳಿಯಿತು. ದೇವರ ಹಳೆಯ ಹೂವನ್ನೂ ಕವರಿನಲ್ಲಿ ಕಟ್ಟಿ ಕವರು ಸಮೇತ ಹೊಳೆಗೆ ಬಿಟ್ಟು ಕೈಮುಗಿಯುವವರು ಹುಟ್ಟಿಕೊಂಡರು.

ದೊಡ್ಡಪ್ಪ ಮೊದಲು ಕೈಹಾಕಿದ್ದು ಚೀಲಕ್ಕೆ. ಆ ಹೊತ್ತಿಗೆ ಬಳ್ಳಾರಿಯ ಗಲ್ಲಿಗಳಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ದಂಧೆ ಶುರುವಾಗಿತ್ತು. ಅಳತೆ ತಪ್ಪಿದ್ದು, ಬಣ್ಣ ಕೆಟ್ಟದ್ದು, ಜೋಡಿ ಸಿಗದೆ ಒಂಟಿ ಉಳಿದ ಕಾಲುಗಳು ಮೂಟೆಗಟ್ಟಲೆ ಬಿದ್ದಿರುತ್ತಿದ್ದವು. ದೊಡ್ಡಪ್ಪ ಅವನ್ನು ತಂದು, ಕೆಳಗಿನ ಬಾಯಿ ಹೊಲಿದು, ಮೇಲೆ ಹಿಡಿಕೆ ಹಚ್ಚಿ ಚೀಲ ಮಾಡಿದ. ಗಟ್ಟಿ ಅಂದರೆ ಗಟ್ಟಿ, ಹತ್ತು ಕಿಲೋ ಜೋಳ ಹಾಕಿದರೂ ಹಿಗ್ಗದು. ಆದರೆ ಎಷ್ಟೆಂದರೂ ಅದು ಕಾಲೇ ತಾನೇ? ಸೋಮವಾರದ ಸಂತೆಗೆ ನಿಂತು ನೋಡಿದರೆ ಸಿರುಗುಪ್ಪದ ಅರ್ಧ ಜನ ಯಾರದೋ ಒಂದೊಂದು ಕಾಲನ್ನು ಹೆಗಲಿಗೆ ಹಾಕಿಕೊಂಡು ಬದನೆಕಾಯಿ ಚೌಕಾಸಿ ಮಾಡುತ್ತಿದ್ದರು!

ಈ ಚೀಲಗಳ ಪರಾಕ್ರಮ ಹೆಚ್ಚಿದ್ದು ನನ್ನ ತಂಗಿಯ ಮದುವೆಯಲ್ಲಿ. ಗಂಡಿನ ಕಡೆಯವರು ಕುರುಗೋಡಿನವರು, ತಕ್ಕಮಟ್ಟಿಗೆ ಸ್ಥಿತಿವಂತರು. ತಾಂಬೂಲದ ಕಾಯಿ ಕೊಡಲು ನಮ್ಮಪ್ಪ ಗಣಪತಿಯ ಚಿತ್ರವಿದ್ದ ಒಳ್ಳೆಯ ಕವರು ತರಿಸಿದ್ದ. ಬಾದನಹಟ್ಟಿಯ ಚಪ್ಪರದ ಬಾಗಿಲಲ್ಲಿ ನೋಡುತ್ತೇನೆ, ಕವರು ಮಾಯ. ದೊಡ್ಡಪ್ಪ ನಿಂತು ಬಂದವರಿಗೆಲ್ಲ ಮಡಿಸಿದ ನೀಲಿ ಬಟ್ಟೆಯೊಳಗೆ ಕಾಯಿ ಇಟ್ಟು ಕೊಡುತ್ತಿದ್ದಾನೆ. ವರನ ಸೋದರಮಾವ ದೊಡ್ಡ ಮೀಸೆಯ ಹಿರಿಯರು. ಜೀನ್ಸ್ ಬಟ್ಟೆ ಕೈಗೆ ಹತ್ತಿದ್ದೇ ತಡ, ಬೀಗರು ಪ್ಯಾಂಟು ಉಡುಗೊರೆ ಕೊಟ್ಟರೆಂದು ಅವರ ಮುಖ ಅರಳಿತು. ಅಲ್ಲೇ ಬಿಡಿಸಿ ಸೊಂಟಕ್ಕೆ ಹಿಡಿದು ನೋಡಿದರು. ಹಿಂದೆ ಮುಂದೆ ತಿರುಗಿಸಿದರು. ಮುಖ ಸಪ್ಪಗಾಯಿತು.

"ಬೀಗರ, ಇನ್ನೊಂದು ಕಾಲು ಎಲ್ಲೈತ್ರಿ?"

ದೊಡ್ಡಪ್ಪ ಒಂದಿಷ್ಟೂ ಅಳುಕದೆ ಹೇಳಿದ. "ನಿಮ್ಮ ಹೆಂಡ್ರ ಕೈಯಾಗ ಐತ್ರಿ. ಅವ್ರಿಗೆ ಎಡಗಾಲು ಕೊಟ್ಟೀನಿ, ನಿಮಗ ಬಲಗಾಲು."

ನಮ್ಮಪ್ಪ ಕಂಬ ಹಿಡಿದು ನಿಂತ. ಮದುವೆ ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಮೀಸೆಯ ಹಿರಿಯರು ಚಪ್ಪರ ಹಾರುವಂತೆ ನಕ್ಕರು. ಈಗಲೂ ಕುರುಗೋಡಿನಲ್ಲಿ ಆ ಮನೆಯವರು ಸಂತೆಗೆ ಹೊರಡುವಾಗ "ಎಡಗಾಲು ತಾ" ಅನ್ನುತ್ತಾರೆ ಎಂದು ನನ್ನ ತಂಗಿ ಹೇಳುತ್ತಾಳೆ.

ಇನ್ನೊಂದು ಸಲ ಬಳ್ಳಾರಿಗೆ ನಾನೂ ಅವನ ಜೊತೆ ಹೋಗಿದ್ದೆ. ಬಸ್ಸಿನಲ್ಲಿ ಯಾವಳೋ ಹೆಂಗಸಿನ ಕವರು ಹರಿದು ಈರುಳ್ಳಿ ಉರುಳಿದವೆಂದು ದೊಡ್ಡಪ್ಪ ತನ್ನ ಚೀಲವನ್ನೇ ಅವಳಿಗೆ ಕೊಟ್ಟುಬಿಟ್ಟ. ಬ್ರೂಸ್‌ಪೇಟೆಯ ಕಿರಾಣಿ ಅಂಗಡಿಗೆ ಹೋದಾಗ ಕೈ ಖಾಲಿ. ಸಾವ್ಕಾರ ಸಕ್ಕರೆ ತೂಗಿ, ಫಟ್ಟನೆ ಕವರು ಬಿಡಿಸಿದ.

"ಅದು ಬ್ಯಾಡ" ಎಂದ ದೊಡ್ಡಪ್ಪ.

"ತಗೋರಿ ಯಜಮಾನ್ರ, ಇದು ಫ್ರೀ."

"ಫ್ರೀ ಕೊಟ್ಟಿದ್ದು ಮೀನಿನ ಹೊಟ್ಯಾಗ ಹೋಗ್ತೈತಿ, ಗೊತ್ತೈತೇನು?"

ಸಾವ್ಕಾರ ದೊಡ್ಡಪ್ಪನ ಹಣೆಯ ವಿಭೂತಿ ನೋಡಿದ, ಕೊರಳ ಲಿಂಗದ ಕರಡಿಗೆ ನೋಡಿದ. "ಮೀನಿಗೂ ನಿಮಗೂ ಏನ್ರೀ ಸಂಬಂಧ?"

ದೊಡ್ಡಪ್ಪ ತಕ್ಕಡಿಯ ಕಡೆ ನೋಡುತ್ತಾ, "ಐತಿ, ದೂರದ ಸಂಬಂಧ" ಅಂದ.

ಅಷ್ಟು ಹೇಳಿ ತಲೆಯ ರುಮಾಲು ಬಿಚ್ಚಿದ. ನೋಡಿ, ಹಳೆಯ ಕಾಲದ ರುಮಾಲು, ಬಿಚ್ಚಿದಷ್ಟೂ ಬರುತ್ತದೆ! ಒಂದು ತುದಿಗೆ ಸಕ್ಕರೆ ಗಂಟು, ಅದರಾಚೆ ತೊಗರಿಬೇಳೆ ಗಂಟು, ಆಮೇಲೆ ಪುಟಾಣಿ ಕಡಲೆ, ಆಮೇಲೆ ಬೆಲ್ಲ. ನಾವಿಬ್ಬರೂ ಆ ರುಮಾಲಿನ ಒಂದೊಂದು ತುದಿ ಹಿಡಿದು ಬ್ರೂಸ್‌ಪೇಟೆಯ ಗಲ್ಲಿಗಳಲ್ಲಿ ನಡೆದೆವು. ನನಗಾದರೋ ನನ್ನ ಶಾಲೆಯ ಮಕ್ಕಳ ತಂದೆತಾಯಿ ಯಾರಾದರೂ ನೋಡಿಯಾರು ಎಂದು ಜೀವ ಹೋಗುತ್ತಿತ್ತು. ಸಿರಿಗೇರಿ ಕ್ರಾಸ್ ದಾಟುವಷ್ಟರಲ್ಲಿ ಬಸ್ಸಿನ ಸೆಕೆಗೆ ಬೆಲ್ಲ ಕರಗಿ ರುಮಾಲಿಗೆ ಇರುವೆ ಹತ್ತಿದವು. ಮರುದಿನ ದೊಡ್ಡಮ್ಮ ತೊಳೆದ ನೀರನ್ನು ಚೆಲ್ಲಲು ಮನಸ್ಸಾಗದೆ ಅದಕ್ಕೆ ನಿಂಬೆಹಣ್ಣು ಹಿಂಡಲು ಹೊರಟಿದ್ದಳು, ನಾನೇ ತಡೆದೆ. ಆ ಸಾವ್ಕಾರ ಮಾತ್ರ ಅಂದಿನಿಂದ ದೊಡ್ಡಪ್ಪನನ್ನು ದೂರದಲ್ಲಿ ಕಂಡರೂ ಸಾಕು, ಕವರಿನ ಕಟ್ಟನ್ನು ಪೊಲೀಸರಿಗೆ ಹೆದರಿದವನಂತೆ ಗಲ್ಲಾದ ಕೆಳಗೆ ಸೇರಿಸುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ದೊಡ್ಡಪ್ಪ ಬಲೆ ತಂದ! ಊರ ಗಟಾರದ ನೀರು ಹೊಳೆಗೆ ಕೂಡುವ ಹಳ್ಳಕ್ಕೆ ಅಡ್ಡ ಕಟ್ಟಿದರೆ ಕವರು ಅಲ್ಲೇ ನಿಲ್ಲುತ್ತವೆ ಎಂಬ ಯೋಚನೆ. ಹೊಳೆ ದಂಡೆಯ ಬೆಸ್ತನೊಬ್ಬನಿಂದ ಹಳೆಯ ಬಲೆ ಕೊಂಡು, ಪಡಸಾಲೆಯಲ್ಲಿ ಹರವಿ, ಹರಿದ ಕಡೆ ಜೀನ್ಸ್ ದಾರದಿಂದ ಹೊಲಿಯುತ್ತಾ ಕುಳಿತ. ಬಲೆಯ ವಾಸನೆ ನಾಲ್ಕು ಓಣಿಗೆ ಹರಡಿತು. ಅದರ ಹಿಂದೆಯೇ ಓಣಿಯ ನಾಲ್ವರು ಹಿರಿಯರೂ ಬಂದರು. ಮೂಗಿಗೆ ಶಲ್ಯ ಹಿಡಿದು ಕಟ್ಟೆಯ ಮೇಲೆ ಕುಳಿತರು.

"ಏನ್ರೀ ಇದು? ನಮ್ಮೋರ ಮನ್ಯಾಗ ಮೀನಿನ ಬಲಿ?"

"ಮೀನಿಗಲ್ಲ, ಕವರಿಗೆ."

"ಬಲಿಗೇನು ಗೊತ್ತಿರ್ತೈತಿ, ಯಾವುದು ಕವರ್, ಯಾವುದು ಮೀನು ಅಂತ?"

"ಮೀನಿಗೂ ಗೊತ್ತಾಗಂಗಿಲ್ಲ ನೋಡ್ರಿ! ಅದಕ್ಕ ಕವರ್ ನುಂಗಿ ಸಾಯ್ತಾವು" ಎಂದು ದೊಡ್ಡಪ್ಪ ಉತ್ಸಾಹದಿಂದ ಎದ್ದು ನಿಂತ. ಆಮೇಲೆ ಅರ್ಧ ತಾಸು ಮೀನಿನ ಹೊಟ್ಟೆಯ ವಿಚಾರ ಹೇಳಿದ. ಹುಟ್ಟಿದಾಗಿನಿಂದ ಮೀನಿನ ಹೆಸರು ಹೇಳಿದರೆ ಬಾಯಿ ಮುಕ್ಕಳಿಸುತ್ತಿದ್ದ ಹಿರಿಯರು ಮೀನಿನ ಜೀರ್ಣಶಕ್ತಿಯ ಮೇಲೆ ಪೂರ್ತಿ ಪಾಠ ಕೇಳಿ, ಚಹಾ ಕುಡಿದು, ಒಂದೊಂದು ಕಾಲು ಹೆಗಲಿಗೆ ಹಾಕಿಕೊಂಡು ಹೋದರು.

ಬಲೆ ಕಟ್ಟಿದ ಮರುದಿನ ಬೆಳಿಗ್ಗೆ ನಾನೂ ನೋಡಲು ಹೋದೆ. ಫಸಲು ಭರ್ಜರಿ! ಕವರು ಒಂದು ರಾಶಿ, ಹವಾಯಿ ಚಪ್ಪಲಿ ಒಂದು, ಬೊಂಬೆಯ ತಲೆ ಒಂದು. ಎಲ್ಲದರ ಕೆಳಗೆ ಗೇಣುದ್ದದ ಒಂದು ಮೀನು, ಪಟಪಟ ಬಡಿದುಕೊಳ್ಳುತ್ತಿತ್ತು. ದೊಡ್ಡಪ್ಪ ಹೌಹಾರಿದ. "ಲೇ, ಸಾಯ್ತೈತಲೇ! ಹಿಡೀಲೇ!" ನಾನು ಹಿಂದಕ್ಕೆ ಹಾರಿದೆ. ಬದುಕಿನಲ್ಲಿ ಮೀನು ಮುಟ್ಟದ ಮನುಷ್ಯ ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡ. ಗಟಾರದ ಆ ನೀರಿಗೇ ಮತ್ತೆ ಬಿಡುವಂತಿಲ್ಲ, ಹೊಳೆ ಇನ್ನೂ ಎರಡು ಫರ್ಲಾಂಗು. ನೀರಿಲ್ಲದೆ ಅಲ್ಲಿಯವರೆಗೆ ಅದು ಬದುಕುತ್ತದೆಯೇ? ಸುತ್ತ ನೋಡಿದ. ತಂಬಿಗೆ ಇಲ್ಲ, ಬಕೀಟು ಇಲ್ಲ. ಜೀನ್ಸ್ ಚೀಲದಲ್ಲಿ ನೀರು ನಿಲ್ಲುವುದಿಲ್ಲ. ಇದ್ದದ್ದು ಒಂದೇ, ಬಲೆಯಲ್ಲಿ ಸಿಕ್ಕಿದ ಕವರು!

ದೊಡ್ಡಪ್ಪನ ಮುಖವನ್ನು ನೀವು ನೋಡಬೇಕಿತ್ತು. ಒಂದು ಗಟ್ಟಿ ಬಿಳಿ ಕವರನ್ನು ಆರಿಸಿ, ನೀರು ತುಂಬಿ, ಮೀನನ್ನು ಅದರೊಳಗೆ ಬಿಟ್ಟು, ಎದೆಗೆ ಅವುಚಿಕೊಂಡು ಪಂಚೆ ಎತ್ತಿ ಓಡಿದ. ಹಿಂದೆ ನಾನು. ನಮ್ಮ ಹಿಂದೆ ಎರಡು ನಾಯಿ. ಹೊಳೆಗೆ ಬಿಟ್ಟಾಗ ಮೀನು ಬಾಲ ಬೀಸಿ ಹೋಯಿತು. ದೊಡ್ಡಪ್ಪ ದಂಡೆಯ ಮೇಲೆ ಕುಳಿತು ಏದುಸಿರು ಬಿಡುತ್ತಾ, "ಹೋಗವ್ವ ಹೋಗು. ಹೋಗಿ ಮುಟ್ಟಿದ್ದು ತಿಳಿಸು" ಅಂದ.

ನಾನು ನಕ್ಕೆ. ಮೀನು ಕಾಗದ ಬರೆಯುತ್ತದೆಯೇ ದೊಡ್ಡಪ್ಪ ಎಂದು ಕೇಳಬೇಕೆಂದಿದ್ದೆ. ಅವನು ನೀರು ಹರಿಯುವ ದಿಕ್ಕಿಗೆ ನೋಡುತ್ತಲೇ ಇದ್ದ.

ಆ ಕವರನ್ನು ಮಾತ್ರ ಅವನು ರಾಶಿಗೆ ಹಾಕಲಿಲ್ಲ. ಮನೆಗೆ ತಂದು ತೊಳೆದು ಮೊಳೆಗೆ ನೇತುಹಾಕಿದ. ಅದರ ಮೇಲೆ ಯಾವುದೋ ಬಟ್ಟೆ ಅಂಗಡಿಯ ಹೆಸರು ಅಳಿಸಿಹೋಗಿ, ಕೆಳಗಿನ 'ಸಿರುಗುಪ್ಪ' ಎನ್ನುವ ಕೆಂಪು ಅಕ್ಷರಗಳಷ್ಟೇ ಉಳಿದಿದ್ದವು. "ಇದು ಜೀವ ಉಳಿಸಿದ್ದು, ಇದಕ್ಕ ಮಾಫಿ" ಎಂದ. ಬಲೆಯ ಕಣ್ಣುಗಳನ್ನು ಮೀನು ನುಸುಳುವಷ್ಟು, ಕವರು ನುಸುಳದಷ್ಟು ದೊಡ್ಡದು ಮಾಡಲು ಅವನಿಗೆ ಮತ್ತೆರಡು ವಾರ ಹಿಡಿಯಿತು. ಹಿಡಿದ ಕವರುಗಳನ್ನು ಏನು ಮಾಡುತ್ತಿದ್ದ ಅನ್ನುತ್ತೀರೋ? ತೊಳೆದು, ಒಣಗಿಸಿ, ಒತ್ತಿ ತುಂಬಿ ಗಾದಿ ಹೊಲಿದಿದ್ದ. ನಾನು ಮಲಗುತ್ತಿದ್ದದ್ದು ಅದರ ಮೇಲೆಯೇ! ಮಗ್ಗುಲು ಬದಲಿಸಿದರೆ ಸಾಕು, ಓಣಿಗೆಲ್ಲ ಚರಚರ ಕೇಳುತ್ತಿತ್ತು.

ಹೀಗೆ ಮೂರು ವರ್ಷ ಕಳೆಯಿತು. ಹನ್ನೊಂದನೆಯ ಯುಗಾದಿಯ ಕಾಗದ ಬಂತು, ದಾರ ತುಂಡಾಯಿತು. ಮೊಮ್ಮಗಳನ್ನು ಶಾಲೆಗೆ ಹಾಕಿದ್ದಾರಂತೆ. 'ಸಮುದ್ರಕ್ಕೆ ದಿನಾ ಹೋಗುತ್ತೇನೆ' ಎಂದು ಈ ಸಲವೂ ಬರೆದಿದ್ದಳು. ನಾನು ಕಾಗದ ಮಡಿ‌ಸುವಷ್ಟರಲ್ಲಿ ದೊಡ್ಡಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ.

"ಲೇ ಮೇಷ್ಟ್ರೇ, ನಿನಗ ಬ್ಯಾಸಗಿ ರಜಾ ಯಾವಾಗ?"

"ಯಾಕ ದೊಡ್ಡಪ್ಪ?"

"ಅಲ್ಲಪ, ಮೂರು ವರ್ಷ ಬಲಿ ಕಟ್ಟೀನಿ. ಕೆಲಸ ಸರಿ ಆಗೇತೋ ಇಲ್ಲೋ, ಕಡೀಗೆ ಹೋಗಿ ನೋಡಿ ಬರಬೇಕಲ್ಲ. ಹೊಲಿದ ಮ್ಯಾಲ ಒಂದ್ಸಲ ತೊಡಿಸಿ ನೋಡಂಗಿಲ್ಲೇನು?" ಆಮೇಲೆ ದೊಡ್ಡಮ್ಮನ ಕಡೆ ನೋಡದೆ, ಒಂದೊಂದೇ ಶಬ್ದ ಒತ್ತಿ ಹೇಳಿದ. "ನಾ ಹೊಂಟಿದ್ದು ಸಮುದ್ರ ನೋಡಾಕ. ಯಾರನ್ನೂ ನೋಡಾಕಲ್ಲ."

ದೊಡ್ಡಮ್ಮ ಎದ್ದವಳೇ ಅಕ್ಕಿ ಆರಿಸಲು ಕುಳಿತಳು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಅಡಿಕೆ, ಹಸಿರು ಕುಬಸದ ಬಟ್ಟೆ, ಎಲ್ಲಾ ಪೆಟ್ಟಿಗೆಯಿಂದ ಹೊರಬಂದವು. ಹನ್ನೊಂದು ವರ್ಷದಿಂದ ಅಲ್ಲೇ ಕಟ್ಟಿ ಇಟ್ಟವು ಅಂತ ಆಗ ನಮಗೆ ಗೊತ್ತಾಯಿತು. ಹಳತಾದದ್ದನ್ನು ವರ್ಷ ವರ್ಷ ತೆಗೆದು ಹೊಸದು ಇಡುತ್ತಿದ್ದಳಂತೆ.

"ಸಮುದ್ರಕ್ಕ ಉಡಿ ತುಂಬ್ತೀಯೇನು?" ಎಂದ ದೊಡ್ಡಪ್ಪ.

"ಹೂಂ. ನೀವು ಸಮುದ್ರ ನೋಡ್ರಿ, ನಾ ಸಮುದ್ರಕ್ಕ ಉಡಿ ತುಂಬ್ತೀನಿ. ಸುಮ್ಕ ಕುಂದರ್ರಿ."

ಬೇಸಿಗೆ. ಉಡಿಯ ಬೆಲ್ಲ ದಾರಿಯಲ್ಲಿ ಕರಗುತ್ತದೆ, ರುಮಾಲಿನ ಕಥೆ ಯಾರೂ ಮರೆತಿರಲಿಲ್ಲ. ದೊಡ್ಡಮ್ಮ ಮೊಳೆಯ ಮೇಲಿನ ಕವರಿಗೆ ಕೈಹಾಕಿದಳು. ದೊಡ್ಡಪ್ಪ ಬಹಳ ಹೊತ್ತು ಗೊಣಗಿ, "ಒಯ್ಯಿ. ಆದ್ರ ಇದು ವಾಪಸ್ ಮನಿಗೆ ಬರಬೇಕು. ಅಲ್ಲಿ ಬಿಡಂಗಿಲ್ಲ" ಎಂಬ ಕರಾರಿನ ಮೇಲೆ ಬಿಟ್ಟುಕೊಟ್ಟ.

ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ಬೆಜವಾಡದಲ್ಲಿ ಮತ್ತೆ ಬದಲಿಸಿ, ಮೂವರೂ ಮಚಲೀಪಟ್ಟಣ ಮುಟ್ಟಿದೆವು. ನಾನು ಮೊದಲೇ ಕಾರ್ಡು ಹಾಕಿದ್ದೆ. ಬಾಗಿಲಲ್ಲಿ ನೀಲವ್ವ ನಿಂತಿದ್ದಳು, ಪಕ್ಕದಲ್ಲಿ ದೊಡ್ಡಪ್ಪನ ಮೂಗು ಹೊತ್ತ ಸಣ್ಣ ಹುಡುಗಿ. ದೊಡ್ಡಮ್ಮ ಹೋಗಿ ಅಪ್ಪಿಕೊಂಡು ಅಳತೊಡಗಿದಳು. ಹನ್ನೊಂದು ವರ್ಷದ ಮೇಲೆ ಮಗಳ ಎದುರು ನಿಂತ ದೊಡ್ಡಪ್ಪ ಟೇಪು ಸರಿಮಾಡಿಕೊಂಡು, ಬಾಗಿಲ ಚೌಕಟ್ಟನ್ನು ನೋಡುತ್ತಾ ಆಡಿದ ಮೊದಲ ಮಾತೇನು ಗೊತ್ತೇ?

"ಸಮುದ್ರ ಯಾ ಕಡಿ ಬರ್ತೈತಿ?"

ನೀಲವ್ವ ಅಳು ನುಂಗಿ ನಕ್ಕಳು. "ಮೊದ್ಲು ಕೈಕಾಲು ತೊಳ್ಕೊ ಅಪ್ಪಾ. ಸಮುದ್ರ ಎಲ್ಲೂ ಹೋಗಾಕಿಲ್ಲ."

ಅಳಿಯ ಒಳ್ಳೆಯ ಮನುಷ್ಯ. ಮಾವ ಬರುವನೆಂದು ಎಂಟು ದಿನದಿಂದ ಮನೆಯಲ್ಲಿ ಮೀನು ಮಾಡಿಸಿರಲಿಲ್ಲ, ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿಸಿದ್ದ. ಊಟಕ್ಕೆ ಕುಳಿತಾಗ ದೊಡ್ಡಪ್ಪ ಅಳಿಯನ ಕಡೆ ತಿರುಗಿ, ಬೀಗರ ಕ್ಷೇಮ ವಿಚಾರಿಸುವ ಗತ್ತಿನಲ್ಲಿ, ತೆಲುಗಿನಲ್ಲಿ ಕೇಳಿದ. "ನಿಮ್ಮ ಕಡೆಯ ಮೀನುಗಳೆಲ್ಲ ಆರಾಮೇ?"

"ಬಾಗುನ್ನಾಯಂಡಿ" ಎಂದ ಅಳಿಯ, ಅಷ್ಟೇ ಗೌರವದಿಂದ. ಆರಾಮಾಗಿದ್ದವಂತೆ!

ಊಟವಾದ ಮೇಲೆ ದೊಡ್ಡಮ್ಮ ಮಗಳನ್ನು ಮಣೆಯ ಮೇಲೆ ಕೂರಿಸಿ ಸೆರಗು ಹಿಡಿಸಿದಳು. ಹಿಡಿ ಹಿಡಿಯಾಗಿ ಅಕ್ಕಿ ಹಾಕಿದಳು. ದೊಡ್ಡಪ್ಪ ಎದ್ದು ಹೊರಗೆ ಹೋದ, ಕಣ್ಣಿಗೆ ಏನೋ ಬಿತ್ತಂತೆ. ಬಂದವನು ಬೆಲ್ಲ ಖಾಲಿಯಾದ ಕವರನ್ನು ತೊಳೆದು, ಒರೆಸಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡ.

ಸಂಜೆ ಎಲ್ಲರೂ ಸಮುದ್ರಕ್ಕೆ ಹೋದೆವು. ಅಲ್ಲಿ ಚಿತ್ರಗಳಲ್ಲಿ ಕಾಣುವ ಹಾಗೆ ಬಿಳಿ ಮರಳಿಲ್ಲ, ಕಪ್ಪು ಮಣ್ಣು. ದೊಡ್ಡಪ್ಪ ಬಗ್ಗಿ ಒಂದು ಹಿಡಿ ಎತ್ತಿ ಹಿಸುಕಿ ನೋಡಿದ. "ಇದು ನಮ್ಮ ಎರಿ ಹೊಲದ ಮಣ್ಣಲೇ!" ಎಂದ. ಆಮೇಲೆ ಒಂದು ಬೆರಳು ನೀರಲ್ಲದ್ದಿ ನಾಲಿಗೆಗೆ ಹಚ್ಚಿ, "ಉಪ್ಪು ಐತಿ, ಖರೇ" ಎಂದು ನನ್ನನ್ನು ಆರೋಪಮುಕ್ತ ಮಾಡಿದ. ಬಳಿಕ ತನಿಖೆ ಶುರು. ಪಂಚೆ ಎತ್ತಿ ಕಟ್ಟಿ, ದಂಡೆಯುದ್ದಕ್ಕೂ ಬಿದ್ದ ಒಂದೊಂದೇ ಕವರನ್ನು ಎತ್ತಿ, ಬಿಡಿಸಿ, ಕಣ್ಣಿನ ಹತ್ತಿರ ಹಿಡಿದು ಓದುವನು. ತೆಲುಗು ಅಕ್ಷರ ದೂರದಿಂದ ಕನ್ನಡದಂತೆಯೇ ಕಾಣುತ್ತದಲ್ಲ, ಪ್ರತಿ ಸಲ ಹೆಜ್ಜೆ ಜೋರಾಗುವುದು, ಹತ್ತಿರ ಹೋದ ಮೇಲೆ ನಿಧಾನವಾಗುವುದು. ಅವನ ಹಿಂದೆ ಮೊಮ್ಮಗಳು, ತಾನೂ ಒಂದೊಂದು ಕವರು ಎತ್ತಿ ಮೂಗಿನ ಹತ್ತಿರ ಹಿಡಿಯುವಳು.

ಸೂರ್ಯ ಇಳಿಯುವ ಹೊತ್ತಿಗೆ ಜೀನ್ಸಿನ ಎರಡು ಕಾಲು ತುಂಬ ಕವರು ತುಂಬಿಸಿಕೊಂಡು, ಎದೆಯುಬ್ಬಿಸಿ ಬಂದ.

"ನೋಡಿದೆ. ಎಲ್ಲಾ ನೋಡಿದೆ. ನಮ್ಮೂರ್ದು ಒಂದೂ ಇಲ್ಲ! ಒಂದಂದ್ರ ಒಂದೂ ಬಂದಿಲ್ಲ!"

"ನಂಗೊತ್ತು ಅಪ್ಪಾ" ಎಂದಳು ನೀಲವ್ವ. "ನಾನೂ ದಿನಾ ನೋಡ್ತೀನಲ್ಲ."

"ನೀ ಯಾಕ ನೋಡ್ತಿ?"

ಅವಳು ನೀರಿನ ಕಡೆ ಮುಖ ಮಾಡಿ ನಿಂತಿದ್ದಳು. "ನಮ್ಮ ಹೊಳಿ ಇಲ್ಲಿಗೇ ಬರ್ತೈತಿ ಅಂತ ಇವ್ರು ಹೇಳಿದ್ರು. ಬಂದ ಹೊಸದಾಗ ಒಂದು ಕಡ್ಡಿ ಬಂದು ಬಿದ್ರೂ ಸಿರುಗುಪ್ಪದ್ದ ಇರಬೇಕು ಅನ್ಕೊಂತಿದ್ದೆ. ಕವರ್ ಬರಾಕ ಹತ್ತಿದ ಮ್ಯಾಲ ಆಸೆ ಹೆಚ್ಚಾತು. ಅಕ್ಷರ ಇರ್ತಾವಲ್ಲ, ಓದಿ ನೋಡಬೌದು. ದೂರದಿಂದ ಎಲ್ಲಾ ಕನ್ನಡನ ಅನಸ್ತಾವಪ್ಪ. ಹತ್ರ ಹೋದ್ರ ಅಲ್ಲ." ಅವಳ ದನಿ ಸಣ್ಣದಾಯಿತು. "ನೀ ಕಾಗದ ಬರೀಲಿಲ್ಲ. ಊರಿಂದ ಒಂದು ಕಸ ಆದ್ರೂ ಬರ್ತೈತೇನೋ ಅಂತ ಹನ್ನೊಂದು ವರ್ಷ ಕಾದೆ."

ದೊಡ್ಡಪ್ಪ ಎರಡೂ ಚೀಲ ಕೆಳಗಿಟ್ಟ. ಒಂದು ಕವರೂ ಮಗಳ ಬಾಗಿಲಿಗೆ ಹೋಗಬಾರದು ಎಂದು ಮೂರು ವರ್ಷ ಹಳ್ಳಕ್ಕೆ ಬಲೆ ಕಟ್ಟಿ ಕುಳಿತವನು ಅವನು! ಅಲ್ಲೇ ಆ ಕಪ್ಪು ಮಣ್ಣಿನಲ್ಲಿ ಕುಳಿತು, ಅಂಗಿಯ ಜೇಬಿಗೆ ಕೈಹಾಕಿ, ನಾಲ್ಕು ಮಡಿಕೆಯ ಆ ಕವರನ್ನು ತೆಗೆದು, ಮೊಣಕಾಲ ಮೇಲಿಟ್ಟು ಅಂಗೈಯಿಂದ ಸುಕ್ಕು ತೀಡಿ, ಅವಳ ಕಡೆ ಚಾಚಿದ.

ಅವಳು ಕೆಂಪು ಅಕ್ಷರಗಳ ಮೇಲೆ ಬೆರಳಾಡಿಸಿ ಒಂದನೆಯ ತರಗತಿಯ ಮಗುವಿನಂತೆ ಓದಿದಳು. "ಸಿ... ರು... ಗುಪ್ಪ."

"ತಗೋ ನೀಲವ್ವ" ಎಂದ ದೊಡ್ಡಪ್ಪ. "ಬರೋದು ತಡ ಆತು."

ತಿರುಗಿ ಬರುವಾಗ ಬೆಜವಾಡದಲ್ಲಿ ಗಾಡಿಗೆ ಕಾಯುತ್ತಿದ್ದೆವು. ಸ್ಟೇಷನ್ನಿನ ಅಂಚೆ ಡಬ್ಬಿಯ ಹತ್ತಿರ ದೊಡ್ಡಪ್ಪ ನನ್ನಿಂದ ಪೆನ್ನು ಇಸಿದುಕೊಂಡು, ಅಲ್ಲೇ ನಿಂತು, ಮಚಲೀಪಟ್ಟಣದ ವಿಳಾಸ ಹಾಕಿದ ಒಂದು ಕಾರ್ಡಿನ ತುಂಬ ಏನೋ ಬರೆಯುತ್ತಿದ್ದ.